ತೊಳೆದ ಕಣ, ತೊಳೆಯದ ಕಣ

ಬಾಟಲಿ ನನಗೆ ತಾಕಲಿಲ್ಲ. ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ಗೋಡೆಗೆ ಬಡಿದು ಒಡೆಯಿತು. ಅದರದೊಂದು ಚೂರು ಸಿಡಿದು ಬಂದು ನನ್ನ ಎಡಹುಬ್ಬನ್ನು ಸೀಳಿತು. ಎಸೆದವರು ನನ್ನ ಪಿಎಚ್‌ಡಿ ಗೈಡು. ಜಾಗ, ಬಸವನಗುಡಿಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬು. ಕಾರಣ, ನಾನು ಫ್ರಿಜ್ಜಿನಲ್ಲಿ ಇಡಬೇಕಾಗಿದ್ದ ದ್ರಾವಣವನ್ನು ಮೇಜಿನ ಮೇಲೆ ಮರೆತಿದ್ದೆ.

ರಕ್ತ ಕಣ್ಣಿಗೆ ಇಳಿಯತೊಡಗಿದಾಗ ಅವರೇ ಹತ್ತಿ ತಂದುಕೊಟ್ಟರು. "ಅಲ್ಲೇ ನಿಂತ್ಕೊಂಡಿದ್ಯಲ್ಲಮ್ಮ, ಪಕ್ಕಕ್ಕೆ ಸರಿಯೋಕೇನಾಗಿತ್ತು?" ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಸರಿಯದೆ ಇದ್ದದ್ದು ನನ್ನದೇ ತಪ್ಪು ಎಂದು ಅವರು ನಿಜವಾಗಿಯೂ ನಂಬಿದ್ದರು. ಚಾಮರಾಜಪೇಟೆಯ ಮನೆಗೆ ಬಂದು ಅಮ್ಮನಿಗೆ ಬೀರುವಿನ ಬಾಗಿಲು ಬಡಿಯಿತು ಅಂದೆ. ಅಮ್ಮ ಅರಿಶಿನ ಹಚ್ಚುತ್ತಾ, ನಿಮ್ಮ ಕಾಲೇಜಿನ ಬೀರುವಿಗೆ ಮದುವೆಯಾಗಿದೆಯಾ, ಹೆಂಡತಿ ಪಾಡೇನು ಎಂದು ಕೇಳಿದಳು.

ಯಾಕೆ ಬಿಟ್ಟು ಬರಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಪಿಯು ಕಾಲೇಜಿನ ಪಾಠದ ಕೆಲಸ ಬಿಟ್ಟು, ಮೂವತ್ತು ದಾಟಿದ ಮೇಲೆ ಸಂಶೋಧನೆಗೆ ಸೇರಿದವಳು ನಾನು. ಆ ವಯಸ್ಸಿನವಳನ್ನು ತೆಗೆದುಕೊಳ್ಳಲು ಒಪ್ಪಿದ್ದು ಅವರೊಬ್ಬರೇ. ಇನ್ನೊಂದು ಕಾರಣ ಹೇಳಿದರೆ ಜನ ನಂಬುವುದಿಲ್ಲ. ಕೋಪವಿಲ್ಲದ ಹೊತ್ತಿನಲ್ಲಿ ಅವರಷ್ಟು ಚೆನ್ನಾಗಿ ಪಾಠ ಹೇಳುವವರನ್ನು ನಾನು ನೋಡಿಲ್ಲ. ಬೋರ್ಡಿನ ಮುಂದೆ ನಿಂತರೆ ಪರಮಾಣುಗಳು ಅವರಿಗೆ ಪರಿಚಯದ ಜನರೇನೋ ಅನ್ನಿಸುತ್ತಿತ್ತು. ಆದರೆ ಆ ಹೊತ್ತು ದಿನದಲ್ಲಿ ಕಡಿಮೆ. ಉಳಿದ ಹೊತ್ತಿನಲ್ಲಿ ಡಸ್ಟರ್, ಗಾಜಿನ ಕಡ್ಡಿ, ಸ್ಟೂಲು, ಕೈಗೆ ಸಿಕ್ಕಿದ್ದು ಹಾರುತ್ತಿತ್ತು.

ನಾವು ಮಾಡುತ್ತಿದ್ದುದು ಕಬ್ಬಿಣದ ಆಕ್ಸೈಡಿನ ಅತಿಸಣ್ಣ ಕಣಗಳನ್ನು. ಒಂದು ತಲೆಗೂದಲಿನ ದಪ್ಪದೊಳಗೆ ಸಾವಿರಾರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣವು. ಒಟ್ಟಾಗಿ ನೋಡಿದರೆ ಕಪ್ಪು ಮಸಿ. ಬಾಟಲಿಯ ಪಕ್ಕಕ್ಕೆ ಆಯಸ್ಕಾಂತ ಹಿಡಿದರೆ ಮಸಿ ಎಲ್ಲಾ ಅತ್ತ ಓಡಿ ಗಾಜಿಗೆ ಅಂಟಿಕೊಳ್ಳುತ್ತದೆ. ಎಷ್ಟು ಬಲವಾಗಿ ಓಡುತ್ತದೆ ಎಂಬುದೇ ನಮ್ಮ ಲ್ಯಾಬಿನ ಜೀವನ್ಮರಣದ ಪ್ರಶ್ನೆ. ನಮ್ಮ ಗೈಡು ಹಿಂದೆ ಒಂದು ಲೇಖನ ಬರೆದಿದ್ದರು. ತಮ್ಮ ಸಣ್ಣ ಕಣಗಳು ಅದೇ ವಸ್ತುವಿನ ದೊಡ್ಡ ಗಟ್ಟಿಯಷ್ಟೇ ಕಾಂತೀಯವಾಗಿವೆ ಎಂದು ಅದರಲ್ಲಿ ಒಂದು ಅಂಕೆ ಕೊಟ್ಟಿದ್ದರು. ಆ ಅಂಕೆಯಿಂದ ಅವರಿಗೆ ಹೆಸರು ಬಂದಿತ್ತು. ನಾವು ಅದೇ ವಿಧಾನದಲ್ಲಿ ಮಾಡಿದ ಕಣಗಳು ಮಾತ್ರ ಅದಕ್ಕಿಂತ ಎಷ್ಟೋ ದುರ್ಬಲವಾಗಿ ಬರುತ್ತಿದ್ದವು. ಪ್ರತಿ ಸಲವೂ.

ನಾವು ಅಂದರೆ ನಾನು ಮತ್ತು ನನ್ನ ಜೊತೆಗಾರ. ನನಗಿಂತ ಐದಾರು ವರ್ಷ ಚಿಕ್ಕವನು, ಕನಕಪುರದ ಕಡೆಯ ಹಳ್ಳಿಯವನು. ನನ್ನನ್ನು ಅಕ್ಕ ಅನ್ನುತ್ತಿದ್ದ. ಅವನ ಅಪ್ಪ ಅವನ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಬೆಂಗಳೂರಿಗೆ ಕರೆತಂದು ಓದಿಸಿದ್ದು ಅಣ್ಣ. ಆ ಅಣ್ಣ ಲೇಔಟ್ ಮಾಡಿ ಸೈಟು ಮಾರುತ್ತಿದ್ದವನು, ಜೊತೆಗೆ ಒಂದಿಷ್ಟು ರಾಜಕೀಯ. ಅಂಕ ಕಡಿಮೆ ಬಂದಾಗಲೆಲ್ಲ ತಮ್ಮನನ್ನು ಬೆಲ್ಟಿನಿಂದ ಹೊಡೆಯುತ್ತಿದ್ದನಂತೆ. ಗೈಡು ಅವನ ಕಪಾಳಕ್ಕೆ ಹೊಡೆದ ಮೊದಲ ದಿನ, ಹೊಡೆಸಿಕೊಂಡವನೇ ನನಗೆ ಸಮಾಧಾನ ಹೇಳಿದ. "ನಮ್ಮಣ್ಣ ಹೊಡ್ದಂಗೆ ಇವ್ರು ಹೊಡಿಯಕ್ಕಾಗಲ್ಲ ಬಿಡಕ್ಕ. ಕೈಯಲ್ಲಿ ತೂಕ ಇಲ್ಲ."

ಕಣಗಳನ್ನು ಮಾಡುವಾಗ ಒಲಿಯಿಕ್ ಆಮ್ಲ ಎಂಬುದನ್ನು ಸೇರಿಸುತ್ತೇವೆ. ಅಡುಗೆ ಎಣ್ಣೆಯಲ್ಲೂ ಇರುವಂಥದ್ದೇ. ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ಅದು ಒಂದೊಂದರ ಸುತ್ತಲೂ ಹೊದಿಕೆಯಾಗಿ ಕೂರುತ್ತದೆ. ಆಮೇಲೆ ಹೆಚ್ಚಿನ ಎಣ್ಣೆಯನ್ನು ಆಲ್ಕೋಹಾಲಿನಲ್ಲಿ ತೊಳೆದು ತೆಗೆಯುತ್ತೇವೆ. ಅಳತೆಯಲ್ಲಿ ಅಂಕೆ ಕಡಿಮೆ ಬಂದಾಗಲೆಲ್ಲ ಗೈಡು ಹೇಳುತ್ತಿದ್ದುದು ಒಂದೇ: ನಿಮ್ಮ ಸ್ಯಾಂಪಲ್ಲಿನಲ್ಲಿ ಕೊಳೆಯಿದೆ, ಇನ್ನೂ ತೊಳೆಯಿರಿ. ನಾವು ಇನ್ನೂ ತೊಳೆಯುತ್ತಿದ್ದೆವು. ಬಿಸಿ ಆಲ್ಕೋಹಾಲು, ಅಸಿಟೋನು, ಮತ್ತೆ ಆಲ್ಕೋಹಾಲು. ಅಂಕೆ ಇನ್ನೂ ಕೆಳಗಿಳಿಯುತ್ತಿತ್ತು. ಮತ್ತೆ ಹೊಡೆತ, ಮತ್ತೆ ತೊಳೆಯುವುದು. ನನ್ನ ಬೆರಳುಗಳ ಚರ್ಮ ಅಸಿಟೋನಿಗೆ ಬಿರುಕು ಬಿಟ್ಟು, ಊಟಕ್ಕೆ ಕೂತರೆ ಸಾರು ತಾಗಿ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಗಾಂಧಿಬಜಾರಿನಲ್ಲಿ ನಿಂತು ಬೈಟು ಕಾಫಿ ಕುಡಿಯುವಾಗ ಜೊತೆಗಾರ ಆ ಮಾತು ತೆಗೆದ. ಬೆಳಿಗ್ಗೆಯಷ್ಟೇ ಹೊಡೆಸಿಕೊಂಡಿದ್ದ, ಕೆಳದುಟಿ ಊದಿತ್ತು. ಲೋಟವನ್ನು ಬಾಯಿಯ ಇನ್ನೊಂದು ಮೂಲೆಗೆ ಹಿಡಿದು ಕುಡಿಯುತ್ತಿದ್ದ.

"ಅಕ್ಕ, ತೊಳೆದಷ್ಟೂ ಕಮ್ಮಿ ಆಗ್ತಿದೆ. ಕೊಳೆ ಇದ್ದಿದ್ರೆ ತೊಳೆದಾಗ ಜಾಸ್ತಿ ಆಗ್ಬೇಕಿತ್ತಲ್ವಾ? ನಾವು ತೆಗೀತಿರೋದು ಕೊಳೆ ಅಲ್ಲ."

ಅವನು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಣದ ಒಳಗಿರುವ ಪ್ರತಿ ಕಬ್ಬಿಣದ ಪರಮಾಣುವಿಗೂ ಸುತ್ತಲೂ ನೆರೆಯವರಿದ್ದಾರೆ. ನಡುವಿನ ಆಮ್ಲಜನಕದ ಮೂಲಕ ಒಬ್ಬರು ಇನ್ನೊಬ್ಬರನ್ನು ಹಿಡಿದು ತಂತಮ್ಮ ಸಾಲಿನಲ್ಲಿ ನಿಲ್ಲಿಸುತ್ತಾರೆ. ಕಾಂತತ್ವ ಬರುವುದು ಆ ಶಿಸ್ತಿನಿಂದ. ಮೇಲ್ಮೈಯಲ್ಲಿರುವ ಪರಮಾಣುವಿಗೆ ಹೊರಗಡೆ ನೆರೆಯವರಿಲ್ಲ. ಹಿಡಿತ ಸಾಲದೆ ಅದು ಅತ್ತಿತ್ತ ಓರೆಯಾಗಿಬಿಡುತ್ತದೆ. ದೊಡ್ಡ ಗಟ್ಟಿಯಲ್ಲಿ ಮೇಲ್ಮೈಯ ಪಾಲು ಲೆಕ್ಕಕ್ಕಿಲ್ಲ, ಆದ್ದರಿಂದ ತೊಂದರೆ ಕಾಣುವುದಿಲ್ಲ. ನಮ್ಮ ಕಣಗಳಷ್ಟು ಸಣ್ಣದಾದರೆ ಪರಮಾಣುಗಳಲ್ಲಿ ಒಂದು ದೊಡ್ಡ ಪಾಲು ಮೇಲ್ಮೈಯಲ್ಲೇ ಇರುತ್ತದೆ, ಅವೆಲ್ಲ ಓರೆಯಾದರೆ ಇಡೀ ಕಣ ದುರ್ಬಲವಾಗುತ್ತದೆ. ಇಷ್ಟು ಪುಸ್ತಕದಲ್ಲೇ ಇದೆ. ಜೊತೆಗಾರ ಊಹಿಸಿದ್ದು ಮುಂದಿನ ಹೆಜ್ಜೆ. ಒಲಿಯಿಕ್ ಆಮ್ಲ ಬರೀ ಹೊದಿಕೆಯಲ್ಲ, ತನ್ನ ಆಮ್ಲಜನಕದಿಂದ ಮೇಲ್ಮೈಯ ಕಬ್ಬಿಣವನ್ನು ಹಿಡಿದುಕೊಂಡು ಇಲ್ಲದ ಜೋಡಣೆಯನ್ನು ಒಂದು ಮಟ್ಟಿಗೆ ತುಂಬಿಕೊಡುತ್ತದೆ. ನಾವು ಉಜ್ಜಿ ಉಜ್ಜಿ ತೊಳೆದು ಆ ಹಿಡಿತವನ್ನೇ ಕಿತ್ತುಹಾಕುತ್ತಿದ್ದೇವೆ.

ಹಾಗಿದ್ದರೆ ಗೈಡು ಹಿಂದೆ ಕೊಟ್ಟ ಅಂಕೆ? ಅದೂ ಸರಿ ಇರಬೇಕು ಎಂದ ಅವನು. ಆಗ ಅವರು ಇಷ್ಟು ತೊಳೆದಿರಲಿಕ್ಕಿಲ್ಲ.

ಗೈಡಿಗೆ ಹೇಳದೆ ಒಂದೇ ಸಲ ಮಾಡಿದ ಕಣಗಳನ್ನು ಎರಡು ಪಾಲು ಮಾಡಿದೆವು. ಒಂದನ್ನು ಹಗುರವಾಗಿ ತೊಳೆದೆವು. ಇನ್ನೊಂದನ್ನು ಗೈಡು ಹೇಳುವ ಹಾಗೆ ತೊಳೆದೆವು. ಮಲ್ಲೇಶ್ವರದಿಂದಾಚೆ ಒಂದು ದೊಡ್ಡ ಸಂಸ್ಥೆಯಲ್ಲಿ ಸ್ಯಾಂಪಲ್ಲನ್ನು ಕಾಂತಕ್ಷೇತ್ರದಲ್ಲಿಟ್ಟು ಅಲುಗಿಸಿ ಅಳೆಯುವ ಯಂತ್ರವಿತ್ತು, ನಮ್ಮ ಸರದಿ ಬಂದಾಗ ಮೆಟ್ರೋ ಹತ್ತಿ ಅಲ್ಲಿಗೆ ಹೋದೆವು. ಎಣ್ಣೆಯ ಹೊದಿಕೆಗೂ ತೂಕವಿರುತ್ತದೆ, ಅದು ಕಾಂತೀಯವಲ್ಲ. ಆದ್ದರಿಂದ ಒಂದಿಷ್ಟು ಪುಡಿಯನ್ನು ಕಾಯಿಸಿ, ಹೊದಿಕೆ ಸುಟ್ಟುಹೋದ ಮೇಲೆ ಎಷ್ಟು ತೂಕ ಕಳೆಯಿತು ನೋಡಿ, ಅದನ್ನು ಬಿಟ್ಟು ಲೆಕ್ಕ ಹಾಕಿದೆವು. ಹಗುರವಾಗಿ ತೊಳೆದ ಪಾಲು ಗೈಡಿನ ಹಳೆಯ ಅಂಕೆಯ ಹತ್ತಿರ ಹತ್ತಿರ ಬಂತು. ಹೆಚ್ಚು ತೊಳೆದದ್ದು ಎಂದಿನಂತೆ ಕೆಳಗೆ. ಒಂದೇ ಗ್ರಾಫಿನಲ್ಲಿ ಎರಡು ಗೆರೆ, ಒಂದು ಮೇಲೆ, ಒಂದು ಕೆಳಗೆ. ವಾಪಸು ಬರುವಾಗ ರೈಲಿನಲ್ಲಿ ಸೀಟು ಸಿಕ್ಕಿದರೂ ಇಬ್ಬರೂ ಕೂರಲಿಲ್ಲ.

ಮರುದಿನ ಗ್ರಾಫನ್ನು ಗೈಡಿಗೆ ತೋರಿಸಿದ್ದು ಜೊತೆಗಾರ. ನಾನು ಅವನ ಪಕ್ಕದ ಮೇಜಿನಲ್ಲಿದ್ದೆ. ಅವನ ಮುಂದಿನ ಮೇಜಿನ ಮೇಲೆ ಕಬ್ಬಿಣದ ಸ್ಟ್ಯಾಂಡು, ಅದರಿಂದಾಚೆ ಮರದ ಪೆಟ್ಟಿಗೆಯಲ್ಲಿ ನಮ್ಮ ದೊಡ್ಡ ಆಯಸ್ಕಾಂತ. ಸೋಪಿನಷ್ಟು ಗಾತ್ರದ್ದು. ನೋಡಲು ಸಾಧು, ಆದರೆ ಇದಕ್ಕೂ ಕಬ್ಬಿಣಕ್ಕೂ ನಡುವೆ ಕೈ ಸಿಕ್ಕಿದರೆ ಮೂಳೆ ಉಳಿಯುವುದಿಲ್ಲ ಎಂದು ಮೊದಲ ದಿನವೇ ನಮಗೆ ಎಚ್ಚರಿಸಿದ್ದು ಗೈಡೇ.

ಅವರು ಗ್ರಾಫಿನ ಕೆಳಗಿನ ಗೆರೆಯನ್ನಷ್ಟೇ ನೋಡಿದರು. ಜೊತೆಗಾರ, ಸಾರ್ ನಾವು ಜಾಸ್ತಿ ತೊಳೆದಿದ್ದೇ ತೊಂದರೆ ಎಂದು ಶುರುಮಾಡಿದ. ಅಷ್ಟು ಸಾಕಾಯಿತು. "ನಾನು ಹೇಳಿದ್ದು ತಪ್ಪು ಅಂತ ಹೇಳೋಕೆ ಬಂದಿದೀಯೇನೋ? ನನ್ನ ಪೇಪರ್ ಸುಳ್ಳಾ?" ಎನ್ನುತ್ತಲೇ ಕಪಾಳಕ್ಕೆ ಬಾರಿಸಿದರು. ಇಲ್ಲ ಸಾರ್, ನಿಮ್ಮ ಪೇಪರ್ ಸರಿ ಅಂತಲೇ ಇದು ಹೇಳ್ತಿರೋದು ಎಂದು ಅವನು ಅನ್ನುತ್ತಿದ್ದ, ನಾನೂ ಹೇಳುತ್ತಿದ್ದೆ, ಅವರಿಗೆ ಕೇಳಿಸುತ್ತಿರಲಿಲ್ಲ. ಎರಡನೆಯ ಏಟಿಗೆ ಅವನು ವಾಲಿ, ಬೀಳದಿರಲು ಸ್ಟ್ಯಾಂಡಿನ ಕಂಬವನ್ನು ಹಿಡಿದುಕೊಂಡ. ಗೈಡು ಪೆಟ್ಟಿಗೆಯಿಂದ ಆಯಸ್ಕಾಂತವನ್ನೆತ್ತಿ ಅವನ ಮುಖದ ಕಡೆಗೆ ಬೀಸಿದರು.

ಮುಖಕ್ಕೆ ಅದು ತಲುಪಲೇ ಇಲ್ಲ. ನಡುದಾರಿಯಲ್ಲಿ ಅವರ ಕೈಯಿಂದ ಕಿತ್ತುಕೊಂಡು ಸ್ಟ್ಯಾಂಡಿನ ಕಂಬಕ್ಕೆ ಹಾರಿತು. ಕಂಬದ ಮೇಲೆ ಅವನ ಎಡಗೈಯಿತ್ತು. ಹಸಿ ಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಅವನು ಕೂಗಲಿಲ್ಲ, ಬಾಯಿ ತೆರೆದು ಉಸಿರನ್ನು ಒಳಗೆಳೆದುಕೊಂಡ, ಎಳೆದುಕೊಳ್ಳುತ್ತಲೇ ಇದ್ದ. ಉಂಗುರ ಬೆರಳಿನ ತುದಿ ಆಯಸ್ಕಾಂತಕ್ಕೂ ಕಂಬಕ್ಕೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಕಂಬದ ಗುಂಟ ರಕ್ತ ಇಳಿಯಿತು. ಆಯಸ್ಕಾಂತವನ್ನು ನೇರವಾಗಿ ಎಳೆದರೆ ಬರುವುದಿಲ್ಲ, ಪಕ್ಕಕ್ಕೆ ಜಾರಿಸಬೇಕು. ನಾನು ಮರದ ಹಲಗೆಯೊಂದನ್ನು ಒತ್ತಿ ಜಾರಿಸಿದೆ. ಅದು ಸರಿಯುವಾಗ ಬೆರಳಿನ ಮೇಲೆಯೇ ಹಾದುಹೋಯಿತು. ಆಗ ಅವನು ಕೂಗಿದ.

ಗೈಡು ಗೋಡೆಗೆ ಒರಗಿ ನಿಂತಿದ್ದರು. "ನಾನು ಎಸೀಲಿಲ್ಲ. ಅದೇ ಹೋಯ್ತು" ಎಂದರು. ಇನ್ನೊಂದು ಸಲವೂ ಅದನ್ನೇ ಅಂದರು.

ಆಸ್ಪತ್ರೆಯಲ್ಲಿ ಉಂಗುರ ಬೆರಳನ್ನು ಮೊದಲ ಗೆಣ್ಣಿನವರೆಗೆ ತೆಗೆಯಬೇಕಾಯಿತು. ಮಧ್ಯದ ಬೆರಳೂ ಜಜ್ಜಿತ್ತು, ಆದರೆ ಉಳಿಯಿತು. ಸಂಜೆ ಅವನ ಅಣ್ಣ ಬಂದ. ದಪ್ಪ ಕುತ್ತಿಗೆ, ಬಿಳಿ ಷರ್ಟು, ಮೆಲುದನಿ. ತಮ್ಮ ಅವನಿಗೆ ಬೆರಳು ಮಿಷನ್ನಿಗೆ ಸಿಕ್ಕಿತು ಎಂದು ಹೇಳಿದ್ದನಂತೆ. ಅಣ್ಣ ಕಾರಿಡಾರಿಗೆ ಬಂದು ನನ್ನ ಮುಂದೆ ಕೈಕಟ್ಟಿ ನಿಂತು, "ಮೇಡಂ, ನೀವು ಅಲ್ಲೇ ಇದ್ರಂತೆ. ನಮ್ ಹುಡ್ಗ ನಂಗೆ ಸುಳ್ಳೇಳ್ತವ್ನೆ. ಏನಾಯ್ತು ಹೇಳಿ" ಎಂದ.

ಆದದ್ದನ್ನು ಹೇಳಿದೆ. ಈಗ ಯಾರು ಕೇಳಿದರೂ ಮತ್ತೆ ಅದನ್ನೇ ಹೇಳುತ್ತೇನೆ. ಅವನು ಕೇಳಿಸಿಕೊಂಡು, ಸರಿ ಮೇಡಂ, ಮನೆಗೆ ಹೋಗಿ, ಆಟೋ ಮಾಡಿಸಿಕೊಡಲಾ ಎಂದು ವಿಚಾರಿಸಿದ.

ಮರುದಿನ ಬೆಳಿಗ್ಗೆ ನಾನು ಲ್ಯಾಬಿಗೆ ಹೋದಾಗ ಗೈಡು ಆಗಲೇ ಬಂದಿದ್ದರು. ಸ್ಟ್ಯಾಂಡು ಒರೆಸಿ ಸ್ವಚ್ಛವಾಗಿತ್ತು. ನಾನು ಬ್ಯಾಗನ್ನು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಅಣ್ಣ ನಾಲ್ಕು ಜನರೊಂದಿಗೆ ಒಳಗೆ ಬಂದ. ಕೊನೆಯಲ್ಲಿ ಬಂದವನು ಬಾಗಿಲ ಚಿಲಕ ಹಾಕಿದ. ಅಣ್ಣ ಚಪ್ಪಲಿಯನ್ನು ಬಾಗಿಲ ಹತ್ತಿರವೇ ಬಿಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಅವನಿಗೆ ಕಾಲೇಜೆಂದರೆ ಗೌರವ.

"ಸಾರ್, ಯಾವ ಕೈ?" ಎಂದು ಕೇಳಿದ.

ಗೈಡಿಗೆ ಅರ್ಥವಾಗಲಿಲ್ಲ. ಯಾರು ನೀವು, ಹೊರಗೆ ಹೋಗಿ ಎಂದು ಗದರಿಸಿದರು. "ನಮ್ ಹುಡ್ಗನ್ಗೆ ಹೊಡ್ದಿದ್ದು ಯಾವ ಕೈಲಿ ಸಾರ್?" ಎಂದು ಅಣ್ಣ ಅದೇ ಮೆಲುದನಿಯಲ್ಲಿ ಬಿಡಿಸಿ ಕೇಳಿದ. ಗೈಡು ಫೋನಿಗೆ ಕೈಹಾಕಿದರು. ಬಲಗೈ.

ಇಬ್ಬರು ಅವರನ್ನು ಮೇಜಿನ ಮೇಲೆ ಬೋರಲು ಕೆಡವಿ ಹಿಡಿದರು. ಒಬ್ಬ ಸ್ಟ್ಯಾಂಡಿನ ಕಂಬವನ್ನು ತಿರುಗಿಸಿ ಬಿಚ್ಚಿಕೊಂಡ. ಮೊದಲ ಏಟಿಗೆ ಮೊಣಕೈಯ ಕೆಳಗೆ ಮುರಿಯಿತು, ಅವರ ಕೈ ಬಾಗಬಾರದ ಕಡೆ ಬಾಗಿತು. ಆಮೇಲೂ ನಿಲ್ಲಿಸಲಿಲ್ಲ. ಕೆಳಗೆ ಬಿದ್ದ ಮೇಲೆ ಒದ್ದರು, ಹೊಟ್ಟೆಗೆ, ಬೆನ್ನಿಗೆ, ಮುಖಕ್ಕೆ. ಅವರ ಕನ್ನಡಕ ಕಣ್ಣಿನ ಮೇಲೆಯೇ ಒಡೆಯಿತು. ಬೀರುವಿನ ಗಾಜುಗಳನ್ನು ಒಡೆದರು. ನಮ್ಮ ಕಪ್ಪು ದ್ರಾವಣದ ಬಾಟಲಿಗಳೆಲ್ಲ ನೆಲಕ್ಕೆ ಬಿದ್ದು, ಗೈಡು ಆ ಮಸಿಯಲ್ಲಿ ಹೊರಳಿದರು. ಅಣ್ಣ ಒಂದು ಏಟನ್ನೂ ತಾನು ಹೊಡೆಯಲಿಲ್ಲ. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

ನಾನು ಮೊದಲು ಕೂಗಿದೆ, ಆಮೇಲೆ ಬೇಡಿಕೊಂಡೆ. "ನೀವು ಪಕ್ಕಕ್ಕೆ ಸರ್ಕೊಳ್ಳಿ ಮೇಡಂ" ಎಂದ ಅಣ್ಣ. ಸರಿಯುವಾಗ ಬೆನ್ನಿಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಾಗಿತು. ಕೊಕ್ಕೆಯಿಂದ ಎತ್ತಿದೆ, ಪಿನ್ನು ಕಿತ್ತೆ. ಕಂಬ ಹಿಡಿದವನ ಮುಖಕ್ಕೆ ಗುರಿಯಿಟ್ಟು ಒತ್ತಿದೆ. ಬಿಳಿ ಪುಡಿ ಎಷ್ಟು ರಭಸದಿಂದ ಬಂತೆಂದರೆ ಅವನು ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬಿದ್ದ. ಉಳಿದವರ ಕಡೆಗೂ ತಿರುಗಿಸಿದೆ. ಕೋಣೆ ತುಂಬ ಪುಡಿ, ಕೆಮ್ಮು, ವಾಂತಿ. ಯಾರೋ ನನ್ನ ಜಡೆ ಹಿಡಿದು ಎಳೆದರು. ಖಾಲಿಯಾದ ಸಿಲಿಂಡರನ್ನು ನಾನು ಆ ಕಡೆ ಕಾಣದೆಯೇ ಬೀಸಿದೆ. ಅದು ಒಂದು ಮಂಡಿಗೆ ತಗುಲಿದ್ದು ಕೈಗೆ ಗೊತ್ತಾಯಿತು. ಇನ್ನೊಮ್ಮೆ ಬೀಸಿದೆ. ನಿಲ್ಲಿಸಬೇಕು ಅನ್ನಿಸಲಿಲ್ಲ. ಆ ಹೊತ್ತಿನಲ್ಲಿ ನನಗೆ ಭಯವಿರಲಿಲ್ಲ, ಇನ್ನಷ್ಟು ಹೊಡೆಯಬೇಕೆಂಬ ಆಸೆಯಿತ್ತು.

ಚಿಲಕ ತೆಗೆದವರು ಅವರೇ. ಹೊರಗೆ ಸೇರಿದ್ದ ವಿದ್ಯಾರ್ಥಿಗಳನ್ನು ತಳ್ಳಿಕೊಂಡು ಓಡಿದರು. ಅಣ್ಣ ಮಾತ್ರ ಚಪ್ಪಲಿ ಹುಡುಕುತ್ತಾ ಹಿಂದುಳಿದು ವಿದ್ಯಾರ್ಥಿಗಳ ಕೈಗೆ ಸಿಕ್ಕಿಬಿದ್ದ.

ಪೊಲೀಸರಿಗೆ ಹೇಳಿಕೆ ಕೊಡುವ ಮುಂಚೆ ಕಾಲೇಜಿನ ಹಿರಿಯರೊಬ್ಬರು ನನ್ನನ್ನು ಕರೆಸಿದರು. ಬೆರಳಿನದು ಆಕಸ್ಮಿಕ ಅನ್ನು, ರೌಡಿಗಳ ವಿಷಯ ಇದ್ದಹಾಗೇ ಹೇಳು, ಸಂಸ್ಥೆಯ ಹೆಸರು ನೋಡಬೇಕಲ್ಲಮ್ಮ ಎಂದರು. ಇತ್ತ ಅಣ್ಣನ ಕಡೆಯವರಿಂದಲೂ ಮಾತು ಬಂತು: ಬೆರಳಿನದನ್ನು ದೊಡ್ಡದು ಮಾಡಿ ಹೇಳಿ, ಕೈ ಮುರಿದದ್ದು ಜಾರಿಬಿದ್ದು ಅನ್ನಿ. ನಾನು ಹುಬ್ಬಿನ ಗಾಯದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ, ಸಿಲಿಂಡರ್ ಬೀಸಿದ್ದನ್ನೂ. ಅಲ್ಲಿಂದ ಎರಡೂ ಕಡೆಗೆ ನಾನು ಬೇಡವಾದೆ.

ಅಣ್ಣ ಜಾಮೀನಿನ ಮೇಲೆ ಬೇಗ ಹೊರಬಂದ. ಒಂದು ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ಅವನ ಕಾರು ನಿಂತಿತು. ಅವನು ಇಳಿಯಲಿಲ್ಲ. ಇಳಿದ ಇಬ್ಬರು ಗೇಟಿನ ಒಳಗಿದ್ದ ನನ್ನ ಸ್ಕೂಟರನ್ನು ಬೀದಿಗೆಳೆದು, ಕೆಡವಿ, ಚಪ್ಪಡಿ ಕಲ್ಲೆತ್ತಿ ಹೆಡ್‌ಲೈಟಿನ ಮೇಲೆ ಹಾಕಿದರು. ಮಾರ್ಕೆಟ್ಟಿನಿಂದ ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸು ಬುಟ್ಟಿ ಇಳಿಸದೆ ಎದುರು ಮನೆಯ ಜಗಲಿ ಹತ್ತಿಬಿಟ್ಟಳು. ಅಪ್ಪ ಕಿಟಕಿಯಿಂದ ಪೊಲೀಸರಿಗೆ ಫೋನು ಮಾಡುತ್ತಿದ್ದರು.

ಆಗ ಜೊತೆಗಾರ ಆಟೋದಿಂದ ಇಳಿದ. ಅಣ್ಣ ಎಲ್ಲಿಗೆ ಹೊರಟ ಎಂದು ಅತ್ತಿಗೆ ಅವನಿಗೆ ತಿಳಿಸಿದ್ದರಂತೆ. ನೇರವಾಗಿ ಕಾರಿನ ಬಾಗಿಲು ತೆಗೆದು, ಅಣ್ಣನ ಕಾಲರ್ ಹಿಡಿದು ಹೊರಗೆಳೆದ. ಅಪ್ಪನ ಜಾಗದಲ್ಲಿದ್ದ ಅಣ್ಣನ ಎದುರು ಎಂದೂ ನಿಂತು ಮಾತಾಡಿದವನಲ್ಲ ಇವನು. ಕೆನ್ನೆಗೆ ಹೊಡೆದ.

"ನಂಗೋಸ್ಕರ ಹೊಡೆದೆ ಅಂತ ಊರೆಲ್ಲ ಹೇಳ್ಕೊಂಡು ಬರ್ತಿದೀಯಲ್ಲ. ನಿಂಗೆ ಹೊಡಿಯೋದು ಚಟ. ಚಿಕ್ಕೋನಿದ್ದಾಗ ನಾನು ಸಿಕ್ದೆ, ಈಗ ಅವ್ರು ಸಿಕ್ಕಿದ್ರು, ನಾಳೆ ಈ ಅಕ್ಕನಾ?"

ಅಣ್ಣ ತಿರುಗಿಸಿ ಹೊಡೆದ. ಆ ಕೈಯಲ್ಲಿ ತೂಕವಿತ್ತು. ಜೊತೆಗಾರ ಉರುಳಿದ್ದ ಸ್ಕೂಟರಿನ ಮೇಲೆ ಬಿದ್ದ. ಎಡಗೈ ಊರಿದ್ದರಿಂದ ಬ್ಯಾಂಡೇಜಿನ ಒಳಗೆ ಹೊಲಿಗೆ ಬಿಟ್ಟು ಬಟ್ಟೆ ಕೆಂಪಾಯಿತು. ಆದರೂ ಎದ್ದು ಮತ್ತೆ ನುಗ್ಗಿದ. ಇಬ್ಬರೂ ಹೊರಳಾಡುತ್ತಾ ಚರಂಡಿಯ ಅಂಚಿಗೆ ಬಂದಾಗ ನಮ್ಮಮ್ಮ ಬಟ್ಟೆ ನೆನೆಸಿದ ಬಕೆಟ್ಟನ್ನು ತಂದು, ಕಚ್ಚಾಡುವ ನಾಯಿಗಳಿಗೆ ಎರಚಿದ ಹಾಗೆ ಅಷ್ಟನ್ನೂ ಅವರ ಮೇಲೆ ಸುರಿದಳು. ಸೋಪಿನ ನೀರು ಕಣ್ಣಿಗೆ ಹೋಗಿ ಇಬ್ಬರೂ ಬಿಟ್ಟುಬಿಟ್ಟರು. ಅಮ್ಮ ಅಣ್ಣನಿಗೆ ಒಂದೇ ಮಾತು ಹೇಳಿದಳು. ನಿನ್ನ ತಮ್ಮನ ಕೈಯಲ್ಲಿ ರಕ್ತ ಬರುತ್ತಿದೆ, ಮೊದಲು ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗು. ಅವನು ಹೋದ. ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಗೈಡನ್ನು ನೋಡಲು ನಾನು ಆಸ್ಪತ್ರೆಗೆ ಒಮ್ಮೆ ಹೋಗಿದ್ದೆ. ಕೈಗೆ ರಾಡು ಹಾಕಿದ್ದರು. ಬಲಗಣ್ಣಿಗೆ ಪಟ್ಟಿ, ಆ ಕಣ್ಣಿನ ದೃಷ್ಟಿ ಪೂರ್ತಿ ಬರುವುದಿಲ್ಲ ಎಂದು ಅವರ ಹೆಂಡತಿ ಹೊರಗೆ ಹೇಳಿದ್ದರು. ನನಗೆ ಕೋಪವೂ ಇತ್ತು, ಮರುಕವೂ ಇತ್ತು. ಅವರ ಪಕ್ಕ ಕೂತು, ಆ ದಿನ ಅವರು ಕೇಳಿಸಿಕೊಳ್ಳದ್ದನ್ನು ಮೊದಲಿನಿಂದ ಹೇಳಿದೆ. ಎರಡು ಪಾಲು ಮಾಡಿದ್ದು, ಹಗುರವಾಗಿ ತೊಳೆದದ್ದು, ಮೇಲ್ಮೈಯನ್ನು ಆಮ್ಲ ಹಿಡಿದುಕೊಳ್ಳುವುದು, ಎರಡು ಗೆರೆ. ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಾ ಕೇಳಿಸಿಕೊಂಡರು.

"ಹಾಗಾದ್ರೆ ನನ್ನ ನಂಬರ್ರು ಸರೀನೇ ಇತ್ತು."

ಆ ಹುಡುಗನ ಬೆರಳು ಹೇಗಿದೆ ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಅವರ ಮುಖದಲ್ಲಿ ಇದ್ದದ್ದು ನೆಮ್ಮದಿ. ಅವನ ಅರ್ಧ ಬೆರಳು ಹೋಯಿತು ಸಾರ್, ನಿಮ್ಮ ನಂಬರ್ರು ಸರಿ ಅಂತ ಹೇಳೋಕೆ ಬಂದಿದ್ದಕ್ಕೆ ಎಂದೆ. ನನ್ನ ದನಿ ಏರಿದ್ದಕ್ಕೆ ನರ್ಸು ಒಳಗೆ ಬಂದಳು. ಗೈಡು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ನಾನು ಎದ್ದು ಬಂದೆ.

ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಎರಡೂ ಕಡೆಯ ವಕೀಲರು ಕೂತು ರಾಜಿ ಮಾಡಿಕೊಂಡರು, ನನ್ನ ಹೇಳಿಕೆ ಯಾರಿಗೂ ಬೇಕಾಗಲಿಲ್ಲ. ಮಲ್ಲೇಶ್ವರದ ಇನ್ನೊಂದು ಕಾಲೇಜಿನ ಮೇಡಂ ಒಬ್ಬರು ನಮ್ಮಿಬ್ಬರನ್ನೂ ತೆಗೆದುಕೊಂಡರು. ಒಡೆದುಹೋದದ್ದನ್ನೆಲ್ಲ ಹೊಸದಾಗಿ ಮಾಡಿದೆವು. ಬೇರೆ ಬೇರೆ ಗಾತ್ರದ ಕಣಗಳು, ಬೇರೆ ಬೇರೆ ಮಟ್ಟದ ತೊಳೆತ. ಕಣ ಸಣ್ಣದಾದಷ್ಟೂ ತೊಳೆದದ್ದಕ್ಕೂ ತೊಳೆಯದ್ದಕ್ಕೂ ಅಂತರ ಹೆಚ್ಚಾಗುತ್ತಾ ಹೋಯಿತು, ಮೇಲ್ಮೈಯ ಪಾಲು ಹೆಚ್ಚಾದ ಹಾಗೆ. ತೊಳೆದವಕ್ಕೆ ಮತ್ತೆ ಆಮ್ಲ ಸೇರಿಸಿ ನೋಡಿದೆವು. ಕಳೆದುಕೊಂಡದ್ದರಲ್ಲಿ ಒಂದಿಷ್ಟು ವಾಪಸು ಬಂತು, ಎಲ್ಲವೂ ಬರಲಿಲ್ಲ. ಲೇಖನದಲ್ಲಿ ಹಳೆಯ ಗೈಡಿನ ಹೆಸರು ಸೇರಿಸಬೇಕೇ ಎಂದು ಮೇಡಂ ಕೇಳಿದಾಗ ನಾನು ಬೇಡ ಅಂದೆ. ಜೊತೆಗಾರ, ಅವರ ಅಂಕೆ ಇಲ್ಲದಿದ್ದರೆ ನಾವು ಹುಡುಕುತ್ತಲೇ ಇರಲಿಲ್ಲ, ಕೊನೆಯಲ್ಲಿ ಅವರ ಹಳೆಯ ಲೇಖನವನ್ನು ಉಲ್ಲೇಖಿಸೋಣ, ಅಷ್ಟು ಸಾಕು ಎಂದ. ಹಾಗೇ ಮಾಡಿದೆವು.

ಜೊತೆಗಾರನ ಪಿಎಚ್‌ಡಿಯ ಬಹಿರಂಗ ಪರೀಕ್ಷೆ ಒಂದು ಮಧ್ಯಾಹ್ನವಿತ್ತು. ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳಬಹುದಾದ ಸಭೆ. ನಾನು ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಹಳೆಯ ಗೈಡು ಬಂದು ಕೂತದ್ದನ್ನು ನಾನು ತಡವಾಗಿ ನೋಡಿದೆ. ಸೊರಗಿದ್ದರು. ಬಲಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಪರೀಕ್ಷಕರೆಲ್ಲ ಮುಗಿಸಿದ ಮೇಲೆ ಅವರು ಕೈ ಎತ್ತಿದರು. ಮುರಿದು ಕೂಡಿದ ಆ ಕೈ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹೊದಿಕೆಯ ತೂಕವನ್ನು ಕಳೆದಿದ್ದೀರಾ, ಕಾಯಿಸುವಾಗ ಕಣವೇ ಗಾಳಿಯ ಆಮ್ಲಜನಕ ತೆಗೆದುಕೊಂಡು ತೂಕ ಹೆಚ್ಚಿಸಿಕೊಳ್ಳುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ ಎಂದು ಕೇಳಿದರು. ಅಂದಿನ ಎಲ್ಲ ಪ್ರಶ್ನೆಗಳಲ್ಲಿ ಸರಿಯಾದದ್ದು ಅದೊಂದೇ. ಗಾಳಿಯಿಲ್ಲದೆ, ಸಾರಜನಕದಲ್ಲೇ ಕಾಯಿಸಿದ್ದೇವೆ ಎಂದು ಜೊತೆಗಾರ ನಿಧಾನವಾಗಿ ವಿವರಿಸಿದ. ಹಾಗೆ ಕಾಯಿಸಿದರೂ ಹೊದಿಕೆಯ ಇಂಗಾಲ ಕಣದಿಂದ ಆಮ್ಲಜನಕ ಕಸಿಯಬಹುದು, ಅದನ್ನೂ ಬೇರೆಯಾಗಿ ನೋಡಿ ತಿದ್ದಿದ್ದೇವೆ ಎಂದೂ ಹೇಳಿದ. ಅವರು ತಲೆಯಾಡಿಸಿದರು. ಹೊರಗೆ ಇಟ್ಟಿದ್ದ ಕಾಫಿಯನ್ನು ಮುಟ್ಟದೆ ಹೊರಟುಹೋದರು.

ಆಮೇಲೆ ಎಲ್ಲರೂ ಅಭಿನಂದಿಸಿ ಹೋದ ಮೇಲೆ ಜೊತೆಗಾರ ಮೆಟ್ಟಿಲ ಮೇಲೆ ಕೂತಿದ್ದ. ಕೊರಳಲ್ಲಿ ಯಾರೋ ಹಾಕಿದ ಸೇವಂತಿಗೆ ಹಾರ. ಚೆನ್ನಾಗಿ ಉತ್ತರ ಕೊಟ್ಟೆ ಎಂದೆ.

"ಅದಕ್ಕೆ ಮುಂಚೆ ಏನಾಯ್ತು ನೋಡ್ಲಿಲ್ವಾ ಅಕ್ಕ? ಅವ್ರು ಕೈ ಎತ್ತಿದ್ರಲ್ಲ, ಪ್ರಶ್ನೆ ಕೇಳೋಕೆ. ಅಷ್ಟು ದೂರ ಇದ್ರೂ ನಾನು ಏಟು ಬೀಳುತ್ತೇನೋ ಅಂತ ತಲೆ ತಗ್ಗಿಸ್ಬಿಟ್ಟೆ."

ನಾನು ನೋಡಿರಲಿಲ್ಲ. ಅವನ ಕಡೆ ನೋಡುತ್ತಿರಲಿಲ್ಲ. ಆ ಕೈ ಮೇಲೆದ್ದಾಗ ನಾನೂ ಕುರ್ಚಿಯಲ್ಲಿ ಪಕ್ಕಕ್ಕೆ ಸರಿದು, ಪಕ್ಕದಲ್ಲಿದ್ದ ಅಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅದನ್ನು ಅವನಿಗೆ ಹೇಳಿದೆ. ಅವನು ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು, ಅಣ್ಣ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ, ಇನ್ನೂ ಸ್ವಲ್ಪ ಹೊತ್ತು ಕಾಯಲಿ ಎಂದ. ಇಬ್ಬರೂ ಅಲ್ಲೇ ಕೂತಿದ್ದೆವು.